ಎಡೆಯ ಮೇಲೊಂದು ಚಪಾತಿ

(ಡಿಸೆಂಬರ್ 16ರ ಸಂಜೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ)

ಬ್ರಿಗೇಡ್ ರೋಡು ರೆಸಿಡೆನ್ಸಿ ರೋಡನ್ನು ಸೇರುವ ಮೂಲೆಯಲ್ಲಿ ಒಂದು ಕಲ್ಲಿನ ಕಂಬ ಇದೆ. ನೋಡಿದವರು ಕೈ ಎತ್ತಿ ಅಂದಾಗ ಹೆಚ್ಚುಕಡಿಮೆ ಎಲ್ಲರೂ ಎತ್ತಿದಿರಿ. ಹತ್ತಿರ ಹೋಗಿ, ನಿಂತು, ಅದರ ಮೇಲೆ ಏನು ಬರೆದಿದೆ ಅಂತ ಓದಿದವರು? ಮೂರೇ ಕೈ. ಬೇಜಾರು ಮಾಡಿಕೊಳ್ಳಬೇಡಿ. ಅದರ ಪಕ್ಕದಲ್ಲೇ ಹಾದು ನಾನು ಎಷ್ಟೋ ವರ್ಷ ಸ್ಕೂಲಿಗೆ ಪಾಠ ಮಾಡಲು ಹೋಗುತ್ತಿದ್ದೆ. ಒಂದು ದಿನ ಬಸ್ ಕೆಟ್ಟು ನಿಂತಿದ್ದಕ್ಕೆ ಓದಿದೆ, ಅಷ್ಟೆ. ಮೊದಲ ಮಹಾಯುದ್ಧದಲ್ಲಿ ಸತ್ತ ಪಯೊನಿಯರ್ ಪಡೆಗಳವರ ನೆನಪಿಗೆ ನಿಲ್ಲಿಸಿದ ಕಂಬ ಅದು. ಪಯೊನಿಯರ್ ಅಂದರೆ ದಂಡಿಗೆ ದಾರಿ ಮಾಡಿಕೊಡುವವರು. ಒಂದು ಕೈಯಲ್ಲಿ ಹಾರೆ ಗುದ್ದಲಿ, ಇನ್ನೊಂದು ಕೈಯಲ್ಲಿ ಕೋವಿ.

ದಂಡು ಅಂದೆ. ಈ ಪದ ನಮ್ಮ ಊರಿನದು. ಬೋರ್ಡಿನಲ್ಲಿ ಕಂಟೋನ್ಮೆಂಟ್ ಅಂತ ಇದ್ದರೂ ಹಳಬರು ಈಗಲೂ ದಂಡು ಸ್ಟೇಷನ್ ಅಂತಲೇ ಅನ್ನುವುದು. ಹೊಸಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬ ಹುಡುಗ ಮಿಲಿಟರಿ ಸೇರಿದರೆ "ದಂಡಿಗೆ ಹೋದ" ಅನ್ನುತ್ತಿದ್ದರು. ನಮ್ಮ ಚಿಕ್ಕಪ್ಪ ಹಾಗೆ ದಂಡಿಗೆ ಹೋದವರು. ಹಲಸೂರು ಕೆರೆ ಹತ್ತಿರದ ಎಂಇಜಿ ಸೆಂಟರಿನಲ್ಲಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಭರ್ತಿಯಾದರು. 1971ರ ಡಿಸೆಂಬರ್ ಯುದ್ಧದಲ್ಲಿ ಪಾಕಿಸ್ತಾನದ ಶಕರಗಢದ ಕಡೆ ನೆಲದಲ್ಲಿ ಹೂತಿಟ್ಟ ಮೈನ್‌ಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಬಿಡಿಸುವ ಕೆಲಸದಲ್ಲಿದ್ದಾಗ ಸತ್ತರು. ಅವರಿಗೆ ಆಗ 24 ವರ್ಷ. ನನಗೆ 8.

ಟೆಲಿಗ್ರಾಂ ಬಂತು. ಓದಲು ಮೇಷ್ಟ್ರನ್ನು ಕರೆಸಿದರು. ಆಮೇಲೆ ಎರಡು ತಿಂಗಳು ಏನೂ ಇಲ್ಲ. ಆಮೇಲೆ ಒಂದು ಕಪ್ಪು ತಗಡಿನ ಟ್ರಂಕು ಬಂತು. ದೇಹ ಬರಲಿಲ್ಲ. ಈಗಿನ ಹುಡುಗರಿಗೆ ಇದು ಆಶ್ಚರ್ಯ ಅನ್ನಿಸಬಹುದು. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಊರಿಗೇ ಬರುವುದು, ಮೆರವಣಿಗೆ, ಗಾಳಿಯಲ್ಲಿ ಗುಂಡು ಹಾರಿಸುವುದು, ಇದೆಲ್ಲ ನಾವು ಹೀಗೆ ನೋಡಲು ಶುರು ಮಾಡಿದ್ದು 1999ರ ಕಾರ್ಗಿಲ್ ಯುದ್ಧದಿಂದ. ಅದಕ್ಕೆ ಮುಂಚೆ ಸಾಮಾನ್ಯವಾಗಿ ಯುದ್ಧ ನಡೆದ ಕಡೆಯೇ ಜೊತೆಗಾರರು ಬೆಂಕಿ ಕೊಡುತ್ತಿದ್ದರು, ಇಲ್ಲವೇ ಮಣ್ಣು ಮಾಡುತ್ತಿದ್ದರು. ಮನೆಗೆ ಬರುತ್ತಿದ್ದದ್ದು ಸಾಮಾನು.

ಟ್ರಂಕಿನಲ್ಲಿ ಏನಿತ್ತು ಹೇಳುತ್ತೇನೆ. ಒಂದು ಎನಾಮಲ್ ಮಗ್ಗು. ಒಂದು ಸ್ವೆಟರ್. ಶೇವಿಂಗ್ ಸೆಟ್ಟು. ಚಿಕ್ಕಮ್ಮ ಬರೆದ ಇನ್‌ಲ್ಯಾಂಡ್ ಲೆಟರ್‌ಗಳು, ದಾರ ಕಟ್ಟಿ ಇಟ್ಟಿದ್ದವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು, ಹೆಸರು. ಆ ನಂಬರು ನನಗೆ ಇವತ್ತಿಗೂ ಬಾಯಿಪಾಠ. ನಮ್ಮ ಮನೆ ಮಕ್ಕಳೆಲ್ಲ ಇಂಗ್ಲಿಷ್ ಅಂಕಿ ಕಲಿತದ್ದು ಆ ಮುಚ್ಚಳದ ಮೇಲೆ ಬೆರಳಾಡಿಸಿ.

ಈಗ ಎಡೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಇದೆ. ಗೋಡೆಗೆ ಫೋಟೊ ಒರಗಿಸಿ, ಹೊಸ ಬಟ್ಟೆ ಇಟ್ಟು, ಬಾಳೆ ಎಲೆ ಹಾಸಿ, ಸತ್ತವರು ಏನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸುತ್ತೇವೆ. ಧೂಪ ಹಾಕಿ ಅಡ್ಡಬಿದ್ದು, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ, ಅವರು ಬಂದು ಉಣ್ಣಲಿ ಅಂತ. 1972ರಲ್ಲಿ ಮೊದಲ ಸಲ ಚಿಕ್ಕಪ್ಪನ ಫೋಟೊ ಆ ಸಾಲಿಗೆ ಬಂತು. ಮುತ್ತಾತ, ಮುತ್ತಜ್ಜಿ, ಅವರ ಪಕ್ಕದಲ್ಲಿ ಸಮವಸ್ತ್ರ ಹಾಕಿದ, ಮೀಸೆ ಇನ್ನೂ ಸರಿಯಾಗಿ ಬಲಿಯದ ಹುಡುಗ. ಎಲ್ಲರೂ ಅಡ್ಡಬಿದ್ದೆವು. ಅಜ್ಜಿ ಮಾತ್ರ ಕಂಬ ಹಿಡಿದು ನಿಂತೇ ಇದ್ದರು. ಹಿರಿಯರಿಗೆಲ್ಲ ನಮಸ್ಕಾರ ಮಾಡು ಅಂತ ತಾತ ಹೇಳಿದರು. "ಅವನು ನನಗೆ ಹೆಂಗೆ ಹಿರಿಯ ಆಯ್ತಾನೆ? ನಾನು ಹೆತ್ತೋಳು" ಅಂದರು. ಆಮೇಲೆ ಯಾರೂ ಒತ್ತಾಯ ಮಾಡಲಿಲ್ಲ. ಸಾಯುವವರೆಗೂ ಅಜ್ಜಿ ಆ ಫೋಟೊಗೆ ಕೈ ಮುಗಿಯಲಿಲ್ಲ. ಆದರೆ ಚಪಾತಿ ಮಾಡುತ್ತಿದ್ದರು. ಚಿಕ್ಕಪ್ಪ ರಜೆಗೆ ಬಂದಾಗ ದಂಡಿನ ಲಂಗರಿನಲ್ಲಿ, ಅಂದರೆ ಅಡುಗೆಮನೆಯಲ್ಲಿ, ಚಪಾತಿ ದಾಲ್ ರುಚಿ ಹತ್ತಿಸಿಕೊಂಡು ಬಂದಿದ್ದರು. ಮುದ್ದೆ ಬಿಟ್ಟರೆ ಬೇರೆ ಗೊತ್ತಿಲ್ಲದ ಮನೆ ನಮ್ಮದು. ವರ್ಷಕ್ಕೊಂದು ಸಲ, ಆ ದಿನ, ಮುದ್ದೆ ಪಕ್ಕದಲ್ಲಿ ಒಂದು ಚಪಾತಿ. ದಪ್ಪಗೆ, ಓರೆಕೋರೆಯಾಗಿ.

ಪಂಚಾಂಗ ನೋಡುವ ಮನೆಗಳಲ್ಲಿ ಇದಕ್ಕೆ ಬೇರೆ ದಿನವೇ ಇದೆ. ಪಿತೃಪಕ್ಷದ ಚತುರ್ದಶಿ. ಆಯುಧದಿಂದ ಸತ್ತವರಿಗೆ, ಯುದ್ಧದಲ್ಲಿ ಸತ್ತವರಿಗೆ ಶ್ರಾದ್ಧ ಮಾಡುವ ದಿನ. ವಯಸ್ಸಾಗಿ ಸತ್ತವರ ಜೊತೆ ಇವರನ್ನು ಸುಮ್ನೆ ಸೇರಿಸಿಬಿಡಬಾರದು, ಇವರ ಸಾವು ಬೇರೆ ಅಂತ ನಮ್ಮ ಹಿಂದಿನವರಿಗೆ ಅನ್ನಿಸಿತ್ತು.

ಈಗ ಇನ್ನೂ ಹಿಂದಕ್ಕೆ ಹೋಗೋಣ. ಬೆಂಗಳೂರು ಅನ್ನುವ ಹೆಸರು ನಮಗೆ ಮೊದಲು ಸಿಗುವುದು ಎಲ್ಲಿ? ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲಿನಲ್ಲಿ. ಕ್ರಿ.ಶ. 890ರ ಸುಮಾರಿನದು. ಅದರಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತದೆ. ಗಂಗರ ಕಾಲದ ನಾಗತ್ತರ ಎಂಬ ಅಧಿಕಾರಿಯ ಕಡೆಯವರು ಆ ಕಾಳಗದಲ್ಲಿ ಸತ್ತರು ಅಂತ ಬರೆದಿದೆ. ಬೇಯಿಸಿದ ಕಾಳಿನಿಂದ ಊರಿಗೆ ಹೆಸರು ಬಂತು ಅನ್ನುವ ಕತೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಹೇಳಲಿ ಬಿಡಿ. ಆದರೆ ಈ ಊರಿನ ಹೆಸರು ನಮ್ಮ ಕೈಗೆ ಬಂದಿರುವುದು ಯುದ್ಧದಲ್ಲಿ ಸತ್ತವರನ್ನು ಮರೆಯಬಾರದು ಅಂತ ಯಾರೋ ಕಲ್ಲು ಕೆತ್ತಿಸಿದ್ದರಿಂದ.

ಬೇಗೂರಿನದೇ ಇನ್ನೊಂದು ಕಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಇಡೀ ಯುದ್ಧವೇ ಅದರಲ್ಲಿದೆ. ಆನೆ, ಕುದುರೆ, ಬಿಲ್ಲು, ಕೆಳಗೆ ಬಿದ್ದವರು. ನಾಗತ್ತರ ತುಂಬೆಪಾಡಿ ಎಂಬಲ್ಲಿ ಹೋರಾಡಿ ಸತ್ತದ್ದನ್ನು ಹೇಳುವ ಕಲ್ಲು. ನಾನು ಬಹಳ ವರ್ಷ ಆ ಕೆತ್ತನೆಯನ್ನೇ ನೋಡುತ್ತಿದ್ದೆ. ಆಮೇಲೆ ಬರಹ ಓದಿದೆ. ಅವನು ಸತ್ತ ಮೇಲೆ ಗಂಗರ ಎರೆಯಪ್ಪ ಅರಸ ಇರುಗ ಎಂಬವನಿಗೆ ನಾಗತ್ತರ ಅನ್ನುವ ಪಟ್ಟ ಕಟ್ಟಿ, ಬೇಗೂರು ಸೀಮೆಯ ಹಳ್ಳಿಗಳನ್ನು ಕಲ್ನಾಡಾಗಿ ಬಿಟ್ಟುಕೊಟ್ಟ ಅಂತ ಅದರಲ್ಲಿದೆ. ಕಲ್ನಾಡು ಅಂದರೆ ಕಲ್ಲಿನ ಜೊತೆಗೆ ಕೊಟ್ಟ ನೆಲ. ನಮ್ಮ ಶಾಸನಗಳಲ್ಲಿ ಇಂಥದ್ದಕ್ಕೆ ಇನ್ನೂ ಹೆಸರುಗಳಿವೆ. ಬಾಳ್ಗಳ್ಚು, ಅಂದರೆ ಕತ್ತಿ ತೊಳೆದದ್ದಕ್ಕೆ ಕೊಟ್ಟದ್ದು. ನೆತ್ತರುಗೊಡಗೆ, ಅಂದರೆ ನೆತ್ತರಿಗೆ ಕೊಟ್ಟ ಕೊಡುಗೆ. ಈ ನೆತ್ತರುಗೊಡಗೆ ಅನ್ನುವ ಪದವನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಕಲ್ಲು ನಿಲ್ಲಿಸಿದ ಕೈಯಲ್ಲೇ ಮನೆಯವರ ಅನ್ನಕ್ಕೂ ದಾರಿ ಮಾಡುತ್ತಿದ್ದರು. ಎರಡೂ ಒಂದೇ ಕೆಲಸ ಅಂತ ಅವರು ತಿಳಿದಿದ್ದರು. ನನಗೆ ಇವತ್ತು ನಿಮಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಹೆಬ್ಬಾಳದ ಕಿತ್ತಯ್ಯನ ಕಲ್ಲು ಗೊತ್ತಲ್ವಾ? ಕೆಲವು ವರ್ಷಗಳ ಹಿಂದೆ ಚರಂಡಿ ಕೆಲಸ ಮಾಡುವಾಗ ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ದಾಳಿ ಬಂದಾಗ ನಾಡು ಕಾಯಲು ಹೋಗಿ ಸತ್ತವನು ಕಿತ್ತಯ್ಯ. ಶಾಸನಗಳ ಮೇಲೆ ಪ್ರೀತಿ ಇರುವ ಬೆಂಗಳೂರಿನವರು ಸೇರಿ ಅದನ್ನು ಉಳಿಸಿ, ಮಂಟಪ ಕಟ್ಟಿಸಿದ್ದಾರೆ. ಆ ಬೀದಿಯ ಜನ ತಮ್ಮ ಕಿತ್ತಯ್ಯ ಅಂತ ಮಾತಾಡುವುದನ್ನು ನಾನು ಕೇಳಿದ್ದೇನೆ. ನೆಂಟನ ವಿಷಯ ಮಾತಾಡಿದ ಹಾಗೆ ಮಾತಾಡುತ್ತಾರೆ.

ಎಲ್ಲ ಕಲ್ಲಿಗೂ ಆ ಪುಣ್ಯ ಇಲ್ಲ. ಬಟ್ಟೆ ಒಗೆಯುವ ಕಲ್ಲಾಗಿರುವ ವೀರಗಲ್ಲುಗಳನ್ನು ನೋಡಿದ್ದೇನೆ. ಮೋರಿಗೆ ಚಪ್ಪಡಿಯಾದವು ಇವೆ. ಇನ್ನು ಕೆಲವಕ್ಕೆ ಜನ ಎಣ್ಣೆ, ಅರಿಶಿನ ಹಚ್ಚಿ ಬೇರೆ ಯಾವುದೋ ದೇವರ ಹೆಸರಲ್ಲಿ ಪೂಜೆ ಮಾಡುತ್ತಾರೆ. ಪೂಜೆಯಿಂದ ಕಲ್ಲು ಉಳಿಯಿತು, ಸಂತೋಷ. ಆದರೆ ಎಣ್ಣೆ ಜಿಡ್ಡಿನ ಕೆಳಗೆ ಅವನ ಹೆಸರು ಮುಚ್ಚಿಹೋಯಿತು.

ಒಂದು ನಾಯಿಯ ಕತೆ ಹೇಳಿ ಮುಂದಕ್ಕೆ ಹೋಗುತ್ತೇನೆ, ವಿಷಯಕ್ಕೆ ಸ್ವಲ್ಪ ಆಚೆಯದು. ಅದೇ ಮ್ಯೂಸಿಯಂನಲ್ಲಿ ಮಂಡ್ಯ ಕಡೆಯ ಆತಕೂರಿನಿಂದ ತಂದ ಕಲ್ಲು ಇದೆ. ಹತ್ತನೇ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ನೆಲ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ಬರಲಿ ಅಂತಲೂ ಬರೆಸಿದರು. ನೋಡಿ, ನಾಯಿಯನ್ನು ನೆನೆಯುವ ಕೆಲಸಕ್ಕೂ ಇಂಥವನೇ ಮಾಡಬೇಕು ಅಂತ ಆಳು ಗೊತ್ತು ಮಾಡಿದ್ದರು.

ವೀರಗಲ್ಲಿನ ಪಕ್ಕದಲ್ಲೇ ಹಲವು ಕಡೆ ಮಾಸ್ತಿಕಲ್ಲು ಇರುತ್ತದೆ. ಬಳೆ ತೊಟ್ಟ ಒಂದು ಕೈ, ಮೇಲಕ್ಕೆ ಎತ್ತಿದ್ದು. ಗಂಡನ ಜೊತೆ ಬೆಂಕಿಗೆ ಹೋದ ಹೆಂಗಸಿನ ಕಲ್ಲು ಅದು. ಎಷ್ಟೋ ಮನೆಗಳವರು ಅದಕ್ಕೆ ನಡೆದುಕೊಳ್ಳುತ್ತಾರೆ, ಅವರ ಭಕ್ತಿಗೆ ನಾನು ಏನೂ ಅನ್ನುವುದಿಲ್ಲ. ಆದರೆ ಆ ಕೈಯ ಮುಂದೆ ನಿಂತಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಯಾಕೆಂದರೆ ಸತ್ತ ಹೆಂಡತಿಗೆ ಕಲ್ಲು ನಿಲ್ಲಿಸಿದ ನಾವು, ಬದುಕಿ ಉಳಿದ ಹೆಂಡತಿಗೆ ಏನು ಮಾಡಿದೆವು?

ನಮ್ಮ ಚಿಕ್ಕಮ್ಮನಿಗೆ ಆಗ ಇಪ್ಪತ್ತು. ಮದುವೆಯಾಗಿ ಎರಡು ವರ್ಷ, ಅದರಲ್ಲಿ ಚಿಕ್ಕಪ್ಪ ಮನೆಯಲ್ಲಿ ಇದ್ದದ್ದು ಎಲ್ಲ ಸೇರಿ ಮೂರು ತಿಂಗಳು. ಊರಿನವರು ಅವರನ್ನು ಸ್ವಾತಂತ್ರ್ಯ ದಿನಕ್ಕೆ ವೇದಿಕೆ ಮೇಲೆ ಕೂರಿಸಿ ಹಾರ ಹಾಕುತ್ತಿದ್ದರು. ಅದೇ ಊರಿನವರು ಅವರು ಒಂದು ದಿನ ಕನಕಾಂಬರ ಮುಡಿದದ್ದಕ್ಕೆ ಬಾವಿಕಟ್ಟೆಯಲ್ಲಿ ಮಾತಾಡಿದರು. ಪಿಂಚಣಿ ದುಡ್ಡು ಮನೆಯಿಂದ ಆಚೆ ಹೋಗಬಾರದು ಅಂತ ಮೈದುನನಿಗೇ ಮದುವೆ ಮಾಡುವ ಮಾತು ನಮ್ಮ ಮನೆಯಲ್ಲೂ ಬಂತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಯಾಕೆಂದರೆ ಸರ್ಕಾರದ ನಿಯಮದಲ್ಲೂ ಆ ಯೋಚನೆ ಇತ್ತು. ಶೌರ್ಯ ಪದಕ ಪಡೆದವರ ಹೆಂಡತಿಗೆ ಬರುವ ಭತ್ಯೆ, ಆಕೆ ಮತ್ತೆ ಮದುವೆಯಾದರೆ ನಿಂತುಹೋಗುತ್ತಿತ್ತು, ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಆ ಷರತ್ತನ್ನು ರಕ್ಷಣಾ ಇಲಾಖೆ ತೆಗೆದುಹಾಕಿದ್ದು 2017ರಲ್ಲಿ. ಮೊನ್ನೆ ಮೊನ್ನೆ ಅಲ್ವಾ?

ಚಿಕ್ಕಮ್ಮ ಆ ಮದುವೆಗೆ ಒಪ್ಪಲಿಲ್ಲ. ಟೀಚರ್ ಟ್ರೈನಿಂಗ್ ಮಾಡಿಕೊಂಡು ಪಕ್ಕದ ಊರಿನ ಸ್ಕೂಲಿಗೆ ಸೇರಿದರು. ನಮ್ಮೂರಿನ ಸ್ಕೂಲಿನ ಕಾಂಪೌಂಡಿನಲ್ಲಿ ಚಿಕ್ಕಪ್ಪನ ಹೆಸರಿನ ಒಂದು ಚಿಕ್ಕ ಕಲ್ಲು ಇತ್ತು. ಪ್ರತಿ ವರ್ಷ ಸುಣ್ಣ ಹೊಡೆಯುವವರು ಗೋಡೆ ಜೊತೆ ಆ ಕಲ್ಲಿಗೂ ಸುಣ್ಣ ಬಳಿದುಬಿಡುತ್ತಿದ್ದರು. ಪ್ರತಿ ಆಗಸ್ಟ್ 14ರ ಸಂಜೆ ಚಿಕ್ಕಮ್ಮ ಒಂದು ಮೊಳೆ, ಒಂದು ಚೊಂಬು ನೀರು, ತೆಂಗಿನ ನಾರು ತೆಗೆದುಕೊಂಡು ಹೋಗಿ ಅಕ್ಷರದೊಳಗಿನ ಸುಣ್ಣ ಕೆರೆಯುತ್ತಿದ್ದರು. ಸಣ್ಣವನಾಗಿದ್ದಾಗ ನಾನು ಚೊಂಬು ಹಿಡಿದುಕೊಳ್ಳುತ್ತಿದ್ದೆ. ಮಾರನೆಯ ದಿನ ಭಾಷಣ ಮಾಡುವವರಿಗೆ ಓದಲು ಹೆಸರು ಸಿಗುತ್ತಿತ್ತು.

ಭಾಷಣಗಳಲ್ಲಿ ಚಿಕ್ಕಪ್ಪ ಸಿಂಹದಂಥವರು. ಭಯವನ್ನೇ ಅರಿಯದವರು. ಬಹಳ ವರ್ಷ ಕಳೆದ ಮೇಲೆ, ರಿಟೈರ್ ಆದ ಮೇಲೆ, ಚಿಕ್ಕಮ್ಮ ಒಂದು ದಿನ ಅವರೆಕಾಯಿ ಸುಲಿಯುತ್ತ ಹೇಳಿದರು: "ನಿಮ್ಮ ಚಿಕ್ಕಪ್ಪಂಗೆ ಬಾವಿ ಕಂಡ್ರೆ ಹೆದರಿಕೆ ಕಣಪ್ಪ. ಈಜು ಬರ್ತಿರ್ಲಿಲ್ಲ. ನೀರು ಸೇದೋಕೂ ನನ್ನೇ ಕಳಿಸೋರು." ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಇಬ್ಬರೂ ಸುಮ್ಮನಾದೆವು. ನನಗೆ ಆ ದಿನ ಚಿಕ್ಕಪ್ಪ ಮೊದಲ ಸಲ ಸಿಕ್ಕರು. ಬಾವಿಗೆ ಹೆದರುವ ಹುಡುಗ ಮೈನ್ ಇರುವ ನೆಲದ ಮೇಲೆ ಮಂಡಿಯೂರಿ ಕೆಲಸ ಮಾಡಿದ ಅಂದರೆ ಅದು ಸಿಂಹದ ಕತೆಗಿಂತ ದೊಡ್ಡದು. ಊರಿಗೆ ಅವರು ಸತ್ತ ದಿನ ಗೊತ್ತು. ಅವರು ಹೇಗಿದ್ದರು ಅನ್ನುವುದು ಮನೆಗೆ ಗೊತ್ತು. ಮನೆಯವರನ್ನು ಯಾರೂ ಕೇಳುವುದಿಲ್ಲ.

ಊರು ಯಾರನ್ನು ನೆನೆಯುತ್ತದೆ, ಯಾರನ್ನು ಬಿಡುತ್ತದೆ ಅನ್ನುವುದು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ನೃಪತುಂಗ ರಸ್ತೆಗೆ ಮೊದಲು ಸೆನೊಟಾಫ್ ರಸ್ತೆ ಅಂತ ಹೆಸರಿತ್ತು. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿ ಕಡೆಯವರ ನೆನಪಿನ ಕಂಬ ಅಲ್ಲಿತ್ತು. 1964ರಲ್ಲಿ ಅದನ್ನು ಕೆಡವಿದರು. ಅದೇ ಮುತ್ತಿಗೆಯಲ್ಲಿ, ಮಾರ್ಚ್ 21ರ ರಾತ್ರಿ, ಕೋಟೆಯನ್ನು ಕಾಯುತ್ತ ಸತ್ತವರು ಟಿಪ್ಪುವಿನ ಕಿಲ್ಲೇದಾರ ಬಹಾದ್ದೂರ್ ಖಾನ್. ಕೆ.ಆರ್. ಮಾರ್ಕೆಟ್ ಹತ್ತಿರದ ದರ್ಗಾ ಅವರದೇ ಅಂತ ಜನ ನಂಬುತ್ತಾರೆ. ಎಲ್ಲ ಜಾತಿಯವರೂ ಅಲ್ಲಿ ಹೂವು ಕೊಡುತ್ತಾರೆ. ಸರ್ಕಾರ ನಿಲ್ಲಿಸಿದ ಕಂಬ ಹೋಯಿತು, ಹೂವು ಮಾರುವವರ ಮಧ್ಯೆ ಇರುವ ಗೋರಿ ಉಳಿಯಿತು.

ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಸವಾರರಲ್ಲಿ ನಮ್ಮ ಮೈಸೂರಿನವರು, ಜೋಧ್‌ಪುರದವರು ಇದ್ದರು. ಮೆಷಿನ್ ಗನ್ ಎದುರಿಗೆ ಕುದುರೆ ಮೇಲೆ, ಭರ್ಜಿ ಹಿಡಿದು. ಇಂಥ ಸವಾರರ ನೆನಪಿಗೆ ದೆಹಲಿಯಲ್ಲಿ ನಿಲ್ಲಿಸಿದ ತೀನ್ ಮೂರ್ತಿಯ ಮೂರು ಬೊಂಬೆಗಳಲ್ಲಿ ಒಂದು ಮೈಸೂರಿನದು. ಜೆ.ಸಿ. ನಗರದ ಕಲ್ಲಿನ ಮೇಲೆ ಸತ್ತವರ ಹೆಸರುಗಳಿವೆ. ಹೆಸರಿರುವುದು ದೊಡ್ಡ ಮಾತು. ಇರಾಕಿನ ಬಸ್ರಾದಲ್ಲಿ ಅದೇ ಯುದ್ಧದ ಸ್ಮಾರಕ ಇದೆ. ಅಲ್ಲಿ ಬ್ರಿಟಿಷರ ಹೆಸರು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಹೆಸರಿನ ಬದಲು ಪಡೆಗೆ ಇಷ್ಟು ಜನ ಅಂತ ಲೆಕ್ಕ ಕೆತ್ತಿದರು. ಏಷ್ಯಾ, ಆಫ್ರಿಕಾದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ನೆನೆಯಲೇ ಇಲ್ಲ ಅಂತ ಆ ಕೆಲಸ ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ಬೇಕಾಯಿತು.

ಕೊಡಗಿನ ಅಜ್ಜಮಾಡ ದೇವಯ್ಯನವರನ್ನು ನೆನೆಯದೆ ನಾನು ಈ ಮಾತು ಮುಗಿಸಲಾರೆ. ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಯಾರಿಗೂ ಗೊತ್ತಾಗಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಅವರು ತಮಗಿಂತ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ಎದುರು ಕಾದಾಡಿ ಅದನ್ನು ಕೆಡವಿದ್ದರು ಅನ್ನುವುದು ಬೆಳಕಿಗೆ ಬಂದದ್ದು ಪಾಕಿಸ್ತಾನದ ಕಡೆಯಿಂದ ಬಂದ ಬರಹದಿಂದ. 1988ರಲ್ಲಿ, 23 ವರ್ಷದ ಮೇಲೆ, ಮಹಾವೀರ ಚಕ್ರ ಬಂತು. ಅವರನ್ನು ಮಣ್ಣು ಮಾಡಿದ್ದು ಗಡಿಯಾಚೆಯ ಹಳ್ಳಿಯವರು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ. ಆ ಮನೆಯವರು ಆ 23 ವರ್ಷ ಹೇಗೆ ಕಳೆದರೋ. ಸತ್ತರು ಅನ್ನುವುದಕ್ಕೆ ದೇಹ ಇಲ್ಲ, ಹೇಗೆ ಸತ್ತರು ಅನ್ನುವುದಕ್ಕೆ ಮಾತಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ನೆಹರು ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆಯಲ್ಲ, ಅಲ್ಲಿ 75 ಅಡಿ ಎತ್ತರದ ಒಂದೇ ಕಲ್ಲಿನ ವೀರಗಲ್ಲು ನಿಲ್ಲಿಸಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಸತ್ತ 20,000ಕ್ಕೂ ಹೆಚ್ಚು ಯೋಧರ ಹೆಸರು ಗೋಡೆಗಳ ಮೇಲಿವೆ. ಚಿಕ್ಕಮ್ಮನನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ದೊಡ್ಡ ಕಲ್ಲನ್ನು ಅವರು ಒಂದು ಸಲ ತಲೆಯೆತ್ತಿ ನೋಡಿದರು. ಆಮೇಲೆ ಹೆಸರು ಹುಡುಕಲು ಹೋದರು. ಸಿಕ್ಕಿತು. ಸೆರಗಿನ ತುದಿಯಿಂದ ಅಕ್ಷರ ಒರೆಸಿದರು. ಅಲ್ಲಿ ಸುಣ್ಣ ಇರಲಿಲ್ಲ, ಧೂಳೂ ಇರಲಿಲ್ಲ. ಕೈಗೆ ಅಭ್ಯಾಸ.

ನಮ್ಮ ಊರಲ್ಲಿ ಒಬ್ಬ ಯೋಧ ಸತ್ತರೆ ಮೊದಲ ಮೂರು ದಿನ ಜನಸಾಗರ. ಫ್ಲೆಕ್ಸು, ಹಾರ, ಟಿವಿ ಕ್ಯಾಮೆರಾ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಜನಕ್ಕೆ ದುಃಖ ಆಗುತ್ತದೆ, ಅದು ನಿಜವಾದ ದುಃಖವೇ. ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆ ಇದೆ, ಇರಬೇಕು. ಆದರೆ ನಾಲ್ಕನೇ ತಿಂಗಳು ಆ ಮನೆಗೆ ಯಾರು ಹೋಗುತ್ತಾರೆ? ಕಾಗದಪತ್ರಕ್ಕೆ ಅಲೆಯುವಾಗ, ಅತ್ತೆ ಸೊಸೆ ನಡುವೆ ದುಡ್ಡಿನ ಮಾತು ಬಂದಾಗ, ಮಗು ಅಪ್ಪ ಎಲ್ಲಿ ಅಂತ ಕೇಳಿದಾಗ? ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿ ಹತ್ತಿರ ಸತ್ತರು. ಅಶೋಕ ಚಕ್ರ ಬಂತು. ಅವರ ಹೆಂಡತಿ ಸುಭಾಷಿಣಿ ವಸಂತ್ ನೃತ್ಯ ಕಲಾವಿದೆ. ಅವರು ಗಂಡನ ಹೆಸರಲ್ಲಿ ವಸಂತರತ್ನ ಫೌಂಡೇಷನ್ ಕಟ್ಟಿ, ಹೀಗೆ ಗಂಡನನ್ನು ಕಳೆದುಕೊಂಡ ಹೆಂಗಸರ ಜೊತೆ, ಅವರ ಮಕ್ಕಳ ಜೊತೆ ಕೆಲಸ ಮಾಡುತ್ತ ಬಂದಿದ್ದಾರೆ. ಬಾಳ್ಗಳ್ಚು, ನೆತ್ತರುಗೊಡಗೆ ಅಂತ ನಾನು ಆಗ ಹೇಳಿದೆನಲ್ಲ, ಅದರ ಇವತ್ತಿನ ರೂಪ ನನಗೆ ಅಲ್ಲಿ ಕಾಣುತ್ತದೆ. ಅದನ್ನೂ ಕಳೆದುಕೊಂಡವರೇ ಮಾಡಬೇಕಾಗಿ ಬಂದಿದೆ ಅನ್ನುವುದು ನನಗೆ ನೋವು.

ಒಬ್ಬರು ಚೀಟಿ ಕಳಿಸಿದ್ದಾರೆ, ಹುತಾತ್ಮ ಅನ್ನಬೇಕಾ, ಬೇರೆ ಏನಾದರೂ ಅನ್ನಬೇಕಾ ಅಂತ. ಸೇನೆಯೇ 2022ರಲ್ಲಿ ಇಂಗ್ಲಿಷಿನ ಮಾರ್ಟಿರ್ ಪದ ಬಳಸಬೇಡಿ ಅಂತ ತನ್ನವರಿಗೆ ಹೇಳಿತು. ಕನ್ನಡದಲ್ಲಿ ಹುತಾತ್ಮ ಅನ್ನುವುದು ಜನರ ಬಾಯಿಗೆ ಬಂದುಬಿಟ್ಟಿದೆ, ಗೌರವದಿಂದಲೇ ಅನ್ನುತ್ತಾರೆ. ನಾನು ಸತ್ತರು ಅಂತಲೇ ಅನ್ನುತ್ತೇನೆ. ನಮ್ಮ ಹಳೆಯ ಕಲ್ಲುಗಳೂ "ಕಾದಿ ಸತ್ತಂ" ಅನ್ನುತ್ತವೆ. ಎರಡೇ ಪದ. ಚಿಕ್ಕಮ್ಮನೂ ಹಾಗೇ ಅನ್ನುತ್ತಿದ್ದರು.

ಚಿಕ್ಕಮ್ಮ ಹೋಗಿ ನಾಲ್ಕು ವರ್ಷ ಆಯಿತು. ಈಗ ಎಡೆಯ ಸಾಲಿನಲ್ಲಿ ಇಬ್ಬರ ಫೋಟೊ ಪಕ್ಕಪಕ್ಕ ಇಡುತ್ತೇವೆ. ಒಬ್ಬರಿಗೆ 24, ಇನ್ನೊಬ್ಬರಿಗೆ 70. ನೋಡಿದವರು ತಾಯಿ ಮಗ ಅಂದುಕೊಳ್ಳುತ್ತಾರೆ. ಈ ವರ್ಷ ನನ್ನ ಮೊಮ್ಮಗಳು ಯಾಕೆ ತಾತ ಒಂದು ಎಲೆಗೆ ಮಾತ್ರ ಚಪಾತಿ ಅಂತ ಕೇಳಿದಳು. ಹೇಳಿದೆ. ಬಾವಿಯ ವಿಷಯವನ್ನೂ ಹೇಳಿದೆ. ಟ್ರಂಕು ಈಗ ನಮ್ಮ ವಿಜಯನಗರದ ಮನೆಯಲ್ಲಿದೆ. ಬಿಳಿ ಬಣ್ಣ ಸ್ವಲ್ಪ ಏಳುತ್ತಿದೆ. ನಂಬರಿನ ಮೇಲೆ ಮತ್ತೆ ಬಣ್ಣ ತೀಡಬೇಕು, ಅವಳ ಕೈಯಲ್ಲೇ ತೀಡಿಸುತ್ತೇನೆ.

ಮುಂದಿನ ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಾನು ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕದ ಹತ್ತಿರ ಇರುತ್ತೇನೆ. ಆ ಹೊತ್ತಿಗೆ ಟ್ರಾಫಿಕ್ ಕಡಿಮೆ. ಕಲ್ಲಿನ ಮೇಲಿರುವ ಹೆಸರುಗಳನ್ನು ಗಟ್ಟಿಯಾಗಿ ಓದೋಣ ಅಂತ. ನಿಮ್ಮ ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಇಂಥ ಟ್ರಂಕು ಇದ್ದರೆ, ಅದರ ಮೇಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಅದನ್ನೂ ಓದೋಣ. ಅವರಿಗೆ ಏನು ಇಷ್ಟ ಇತ್ತು, ಯಾವುದಕ್ಕೆ ಹೆದರುತ್ತಿದ್ದರು ಅಂತ ಮನೆಯಲ್ಲಿ ಹಿರಿಯರು ಇದ್ದರೆ ಈ ವಾರವೇ ಕೇಳಿಕೊಂಡು ಬನ್ನಿ.